ಪೆಟ್ಟಿಗೆಯ ಮೇಲಿಲ್ಲದ ಹೆಸರುಗಳು



ಆಭರಣ ವಿನ್ಯಾಸ ಕುರಿತ ಈ ವಿಚಾರ ಸಂಕಿರಣಕ್ಕೆ ಆಶಯದ ಮಾತಾಡಲು ಕರೆದಿದ್ದೀರಿ. ಪ್ಯಾರಿಸ್ಸಿನ ಒಂದೇ ಒಂದು ಮನೆಯನ್ನು ಹಿಡಿದು ಮಾತಾಡುತ್ತೇನೆ. ಅದು ಕಾರ್ಟಿಯೆ. 1847ರಲ್ಲಿ ಶುರುವಾದ ಆ ಅಂಗಡಿಯ ಕೆಂಪು ಪೆಟ್ಟಿಗೆಯ ಮೇಲೆ ಇರುವುದು ಒಂದೇ ಹೆಸರು. ಒಳಗಿನ ಒಡವೆಯನ್ನು ಮನಸ್ಸಿನಲ್ಲಿ ಕಂಡವರು, ಕಾಗದದ ಮೇಲೆ ಬರೆದವರು, ಹರಳು ಕಟ್ಟಿದವರು ಎಲ್ಲರೂ ಆ ಹೆಸರಿನ ಹಿಂದೆ ಸರಿದುಬಿಡುತ್ತಾರೆ. ಇಷ್ಟು ಜನರ ನಡುವಿನ ಮಾತುಕತೆಯಲ್ಲೇ ಒಂದು ಮನೆಯ ಶೈಲಿ ಹುಟ್ಟುತ್ತದೆ ಎಂದು ನಾನು ನಂಬಿದ್ದೇನೆ.

ಸ್ಥಾಪಕನ ಮೊಮ್ಮಗ ಲೂಯಿ ಕಾರ್ಟಿಯೆಗೆ ಪ್ಲಾಟಿನಂ ಒಲಿದಿತ್ತು. ಅದುವರೆಗೆ ಯೂರೋಪಿನಲ್ಲಿ ವಜ್ರವನ್ನು ಹೆಚ್ಚಾಗಿ ಬೆಳ್ಳಿಯಲ್ಲಿ ಕಟ್ಟುತ್ತಿದ್ದರು. ಬೆಳ್ಳಿ ಮೆತ್ತಗೆ, ಹರಳು ನಿಲ್ಲಬೇಕಾದರೆ ದಪ್ಪ ಬೇಕು, ಜೊತೆಗೆ ಕಾಲ ಕಳೆದಂತೆ ಕಪ್ಪಾಗುತ್ತದೆ. ಪ್ಲಾಟಿನಂ ಗಟ್ಟಿ, ಎಳೆಯಂಥ ತಂತಿಯೂ ಕಲ್ಲನ್ನು ಬಿಗಿಯಾಗಿ ಹಿಡಿಯುತ್ತದೆ. ಕಸೂತಿಯಷ್ಟು ಹಗುರಾದ ಹೂಮಾಲೆಯ ನಕ್ಷೆಗಳು ಆಗ ಸಾಧ್ಯವಾದವು. ಹಳೆಯ ಪುಸ್ತಕಗಳ ನಕಲು ಸಾಲದು, ಪ್ಯಾರಿಸ್ಸಿನ 18ನೇ ಶತಮಾನದ ಕಟ್ಟಡಗಳ ಮುಂದೆ ನಿಂತು ಬಾಗಿಲು, ಬಾಲ್ಕನಿ, ಗಾರೆಕೆಲಸ ನೋಡಿ ಬರೆದುಕೊಂಡು ಬನ್ನಿ ಎಂದು ಲೂಯಿ ತನ್ನ ನಕ್ಷೆಗಾರರನ್ನು ಬೀದಿಗೆ ಕಳಿಸುತ್ತಿದ್ದ.

ಆ ನಕ್ಷೆಗಾರರಲ್ಲಿ ಒಬ್ಬರು ಶಾರ್ಲ್ ಜಾಕೊ. 1909ರಲ್ಲಿ ಕೆಲಸಕ್ಕೆ ಸೇರಿದರು. ಮರುವರ್ಷ ರಷ್ಯನ್ ಬ್ಯಾಲೆ ತಂಡ ಪ್ಯಾರಿಸ್ಸಿನಲ್ಲಿ ‘ಶೆಹರಜಾದೆ’ ಆಡಿತು. ಲಿಯೋನ್ ಬಾಕ್ಸ್ಟ್ ರೂಪಿಸಿದ ಆ ರಂಗಸಜ್ಜಿಕೆ, ಉಡುಪುಗಳ ಬಣ್ಣಕ್ಕೆ ಇಡೀ ಊರೇ ಬೆರಗಾಯಿತು. ಬಿಳಿ ವಜ್ರ, ಬಿಳಿ ಲೋಹದ ನಡುವೆ ಜಾಕೊ ನೀಲಿಯ ಪಕ್ಕಕ್ಕೆ ಹಸಿರನ್ನು ತಂದಿಟ್ಟರು. ನವಿಲುಗರಿ ನೋಡಿ ಬೆಳೆದ ನಮಗೆ ಅದು ಸಹಜ ಅನ್ನಿಸಬಹುದು, ಅಲ್ಲಿನವರಿಗೆ ಅದು ದಿಟ್ಟತನ. ಅವರ ರೇಖಾಚಿತ್ರಗಳು ಈಗ ಪ್ಯಾರಿಸ್ಸಿನ ಪೆಟಿ ಪಲೇ ಸಂಗ್ರಹಾಲಯದಲ್ಲಿವೆ. ವಿದ್ಯಾರ್ಥಿಗಳಿಗೆ ನನ್ನದೊಂದು ಕೋರಿಕೆ: ಮುಗಿದ ಒಡವೆಗಿಂತ ಮೊದಲು ಅಂಥ ಚಿತ್ರಗಳನ್ನು ನೋಡಿ.

ಈಗ ನನಗೆ ತುಂಬ ಪ್ರಿಯವಾದ ಹೆಸರಿಗೆ ಬರುತ್ತೇನೆ. ಜಾನ್ ತುಸ್ಸೆಂ ಎಂಬಾಕೆ 1887ರಲ್ಲಿ ಬೆಲ್ಜಿಯಂನ ಶಾರ್ಲೆರುವಾದಲ್ಲಿ ಹುಟ್ಟಿದವರು. ಕಾರ್ಟಿಯೆಯಲ್ಲಿ ಅವರು ಮೊದಲು ನೋಡಿಕೊಂಡದ್ದು ಕೈಚೀಲಗಳ ವಿಭಾಗವನ್ನು. 1933ರಲ್ಲಿ ಲೂಯಿ ಅವರನ್ನು ಉನ್ನತ ಆಭರಣ ವಿಭಾಗದ ನಿರ್ದೇಶಕಿಯನ್ನಾಗಿ ಮಾಡಿದ. ಆಕೆಗೆ ನಕ್ಷೆ ಬರೆಯಲು ಬರುತ್ತಿರಲಿಲ್ಲ! ಕಣ್ಣಿತ್ತು, ಬೇಕು-ಬೇಡ ಎನ್ನುವ ಖಚಿತತೆ ಇತ್ತು. ಅವರ ಮಾತಿಗೆ ರೂಪ ಕೊಟ್ಟವರು ಪೀಟರ್ ಲಮರ್ಶಾಂ. ವಾಂಸೆನ್ ಮೃಗಾಲಯದ ಬೋನಿನ ಮುಂದೆ ನಿಂತು ಚಿರತೆಯ ನಡಿಗೆ, ಬೆನ್ನಿನ ಬಾಗು, ತಲೆ ತಿರುಗಿಸುವ ರೀತಿಯನ್ನು ಬರೆದುಕೊಂಡು ಬರುತ್ತಿದ್ದರು.

ಚಿರತೆ ಆ ಮನೆಗೆ ಹೊಸದಲ್ಲ. 1914ರಲ್ಲೇ ಒಂದು ಕೈಗಡಿಯಾರದ ಮೇಲೆ ವಜ್ರ, ಕಪ್ಪು ಓನಿಕ್ಸ್ ಸೇರಿ ಚಿರತೆಯ ಚುಕ್ಕೆಗಳಾಗಿದ್ದವು. ಆದರೆ ಅದು ಬರೀ ತೊಗಲಿನ ವಿನ್ಯಾಸ. 1948ರಲ್ಲಿ ವಿಂಡ್ಸರ್ ಡ್ಯೂಕ್ ತಮ್ಮ ಪತ್ನಿಗಾಗಿ ಮಾಡಿಸಿದ ಪದಕದಲ್ಲಿ ಇಡೀ ಪ್ರಾಣಿಯೇ ಎದ್ದು ಬಂತು: 116.74 ಕ್ಯಾರಟ್‌ನ ಉರುಟು ಪಚ್ಚೆಯ ಮೇಲೆ ಕೂತ ಚಿನ್ನದ ಚಿರತೆ. ಮರುವರ್ಷ ಇನ್ನೊಂದು ಚಿರತೆ 152.35 ಕ್ಯಾರಟ್‌ನ ಕಾಶ್ಮೀರದ ನೀಲದ ಮೇಲೇರಿತು. ಈ ಚಿರತೆ ತುಸ್ಸೆಂ ಅವರದೋ, ಲಮರ್ಶಾಂ ಅವರದೋ? ಅಂಗಾಂಗ ಕೂಡಿಸಿ ಅದಕ್ಕೆ ಜೀವ ತಂದ ಕಮ್ಮಟದವರದೋ? ಒಬ್ಬರನ್ನು ತೆಗೆದರೂ ಆ ಚಿರತೆ ಇಲ್ಲ.

ತುಸ್ಸೆಂ ಅವರ ಧೈರ್ಯವನ್ನೂ ಹೇಳಬೇಕು. ಜರ್ಮನ್ ಪಡೆ ಪ್ಯಾರಿಸ್ಸನ್ನು ಆಕ್ರಮಿಸಿದ್ದ ಕಾಲದಲ್ಲಿ ಪಂಜರದೊಳಗೆ ಕೂತ ಹಕ್ಕಿಯ ಪದಕವೊಂದನ್ನು ಅವರ ನಿರ್ದೇಶನದಲ್ಲಿ ಆ ಮನೆ ಮಾಡಿತು. ನಗರ ಬಿಡುಗಡೆಯಾದ 1944ರಲ್ಲಿ ಅದೇ ಹಕ್ಕಿ ಪಂಜರದ ಬಾಗಿಲು ತೆರೆದು ರೆಕ್ಕೆ ಬಿಚ್ಚಿತು, ಫ್ರಾನ್ಸಿನ ಬಾವುಟದ ಮೂರು ಬಣ್ಣಗಳಲ್ಲಿ.

ಹೆಸರು ಮರೆಯಾಗದ ಒಬ್ಬರೂ ಇದ್ದಾರೆ. 1969ರಲ್ಲಿ ನ್ಯೂಯಾರ್ಕ್‌ನ ಕಾರ್ಟಿಯೆಗಾಗಿ ಇಟಲಿಯ ಆಲ್ಡೋ ಚಿಪುಲ್ಲೋ ‘ಲವ್’ ಬಳೆ ರೂಪಿಸಿದರು. ಎರಡು ತುಂಡುಗಳನ್ನು ಕೈಗಿಟ್ಟು ಸ್ಕ್ರೂಡ್ರೈವರ್‌ನಿಂದ ಬಿಗಿಯಬೇಕು. ಅದಕ್ಕೆ ಇನ್ನೊಬ್ಬರ ಕೈ ಬೇಕು. ಮರೆಮಾಚುವ ಸ್ಕ್ರೂವನ್ನೇ ಅವರು ಅಲಂಕಾರ ಮಾಡಿದರು. ಶುರುವಿನ ಬಳೆಗಳ ಮೇಲೆ ಅವರ ಹೆಸರಿನ ಮುದ್ರೆಯೂ ಬಿತ್ತು. ಅಂಥ ಭಾಗ್ಯ ಕಂಡವರು ತೀರ ಕಡಿಮೆ.

ನಮ್ಮ ದೇಶದ ನಂಟು ಇನ್ನೊಂದು ಕಡೆ ಇದೆ. ಲೂಯಿಯ ತಮ್ಮ ಜಾಕ್ ಕಾರ್ಟಿಯೆ 1911ರಲ್ಲಿ, ದೆಹಲಿ ದರ್ಬಾರಿನ ವರ್ಷ, ಭಾರತಕ್ಕೆ ಬಂದ. ಎಲೆ, ಹೂ, ಹಣ್ಣಿನಂತೆ ಇಲ್ಲಿ ಕೆತ್ತಿದ ಪಚ್ಚೆ, ಕೆಂಪು, ನೀಲಗಳು ಪ್ಯಾರಿಸ್ಸಿಗೆ ಹೋಗಿ ಪ್ಲಾಟಿನಂ ಬಳ್ಳಿಗೆ ಗೊಂಚಲಾದವು. ಮುಂದೆ ಅದಕ್ಕೆ ‘ಟುಟ್ಟಿ ಫ್ರುಟ್ಟಿ’ ಶೈಲಿ ಎಂಬ ಹೆಸರು ನಿಂತಿತು. 1936ರಲ್ಲಿ ಡೈಸಿ ಫೆಲೋಸ್‌ಗಾಗಿ ಮಾಡಿದ ಹಾರವನ್ನು ಕೊರಳ ಹಿಂದೆ ನಮ್ಮ ಅಡ್ಡಿಕೆಯಂತೆಯೇ ದಾರದಿಂದ ಕಟ್ಟಿಕೊಳ್ಳಬೇಕಿತ್ತು. ಆ ಹಾರ ತೊಟ್ಟವಳ ಹೆಸರು ಗೊತ್ತು, ಮಾಡಿಸಿದ ಮನೆಯ ಹೆಸರು ಗೊತ್ತು. ಪಚ್ಚೆಯಂಥ ಗಡಸು ಕಲ್ಲಿನಲ್ಲಿ ಎಲೆಯ ನರ ಎಬ್ಬಿಸಿದವನನ್ನು ಎಲ್ಲರೂ ‘ಭಾರತದ ಕುಶಲಕರ್ಮಿ’ ಎಂದು ಕರೆದು ಮುಂದೆ ಹೋಗುತ್ತಾರೆ. ಅದು ನನಗೆ ನೋವಿನ ಸಂಗತಿ.

ಪ್ರಬಂಧ ಮಂಡಿಸುವವರು ಪ್ರತಿ ಒಡವೆಯ ಬಳಿಯೂ ಅದೊಂದು ಪ್ರಶ್ನೆ ಎತ್ತಲಿ, ಇದಕ್ಕೆ ಯಾರ ಯಾರ ಕೈ ತಾಕಿದೆ ಎಂದು. ನಿಮ್ಮಲ್ಲಿ ಅಕ್ಕಸಾಲಿ ಮನೆತನದವರು ಅಜ್ಜನ ಅಚ್ಚುಗಳನ್ನು, ನಕ್ಷೆ ಬರೆದ ಪುಸ್ತಕಗಳನ್ನು ಇಟ್ಟುಕೊಂಡಿದ್ದರೆ ದಯವಿಟ್ಟು ತೋರಿಸಿ. ಅದರ ಪಕ್ಕದಲ್ಲಿ ಅಜ್ಜನ ಹೆಸರನ್ನೂ ಬರೆದಿಡೋಣ. ಮೊದಲ ಗೋಷ್ಠಿಯಲ್ಲಿ ಹರಳು ಕಟ್ಟುವವರು ಮಾತಾಡಲಿದ್ದಾರೆ. ಇನ್ನು ನಾನು ಕೆಳಗೆ ಬಂದು ನಿಮ್ಮ ಜೊತೆ ಕೂತು ಕೇಳುತ್ತೇನೆ.