ಇಬ್ಬರೊಳಗಿನ ಗುಟ್ಟು
(ಪಾಣೆಮಂಗಳೂರಿನ ರೈತರ ಸಭೆಯಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಕೊಳೆರೋಗಕ್ಕೆ ಮದ್ದು ಬಿಡುವ ವಿಷಯ ಹೇಳಲು ಬರುವವನು ಇಂದು ಪಾಸ್‌ವರ್ಡಿನ ಮಾತೆತ್ತಿದ್ದು ನಿಮಗೆ ವಿಚಿತ್ರವೆನಿಸೀತು. ಆದರೆ ಅಡಿಕೆಯ ಹಣ ಈಗ ಬ್ಯಾಂಕಿನ ಖಾತೆಗೇ ಬರುವುದು ಹೆಚ್ಚು. ತಂದೆ ತೋಟದಲ್ಲಿ, ಮಗ ಬೆಂಗಳೂರಿನಲ್ಲೋ ದುಬಾಯಿಯಲ್ಲೋ ಇರುವ ಮನೆಗಳೂ ನಮ್ಮಲ್ಲಿ ಬಹಳ. ಮನೆಯ ಕೆಲಸವನ್ನು ಮಗನು ದೂರದಿಂದ ಮಾಡಿಕೊಡಬೇಕಾದರೆ ಕೆಲವು ಗುಟ್ಟುಗಳು ಇಬ್ಬರಿಗೂ ತಿಳಿದಿರಬೇಕಾಗುತ್ತದೆ.

ಎಲ್ಲ ಗುಟ್ಟುಗಳೂ ಅಲ್ಲ. ಬ್ಯಾಂಕಿನ ಪಿನ್ನು ಮತ್ತು ಓ.ಟಿ.ಪಿ.ಗಳನ್ನು ಮಗನಿಗೂ ಹೇಳಕೂಡದು. ಗ್ರಾಹಕನು ತಾನೇ ಗುಟ್ಟು ಕೊಟ್ಟು ಹಣ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದೇ ಎಂದು ರಿಸರ್ವ್ ಬ್ಯಾಂಕು 2017ರಲ್ಲಿ ನಿಯಮ ಮಾಡಿತು. "ಮಗನಿಗಲ್ಲದೆ ಇನ್ನಾರಿಗೆ ಹೇಳುವುದು?" ಎಂದು ನೀವು ಕೇಳಬಹುದು. ಮಗನ ಮೇಲೆ ಸಂಶಯವಲ್ಲ. ಹೇಳುವ ಅಗತ್ಯವೇ ಇಲ್ಲ. ಇಬ್ಬರಲ್ಲಿ ಯಾರಾದರೂ ನಡೆಸಬಹುದಾದ ಜಂಟಿ ಖಾತೆ ಇದೆ. 2024ರಲ್ಲಿ ಬಂದ ಯುಪಿಐ ಸರ್ಕಲ್ ಎಂಬ ಏರ್ಪಾಡಿನಲ್ಲಿ ತಂದೆಯು ಮಿತಿಯೊಂದನ್ನು ಗೊತ್ತುಮಾಡಿದರೆ, ಮಗನು ಪಿನ್ನು ತಿಳಿಯದೆಯೇ ತಂದೆಯ ಖಾತೆಯಿಂದ ಪಾವತಿ ಮಾಡಬಹುದು.

ಇನ್ನು ಇ-ಮೇಲ್, ಮೆಸ್ಕಾಂ ಬಿಲ್ಲಿನ ಖಾತೆ ಮೊದಲಾದವುಗಳ ಪಾಸ್‌ವರ್ಡು. ಇದನ್ನು ಅನೇಕರು ವಾಟ್ಸಾಪಿನಲ್ಲಿ ಬರೆದು ಕಳುಹಿಸಿ ಮರೆತುಬಿಡುತ್ತಾರೆ. ಆ ಬರಹ ಎರಡು ಫೋನುಗಳಲ್ಲಿಯೂ ಉಳಿಯುತ್ತದೆ. ಫೋನು ರಿಪೇರಿಗೆ ಹೋದಾಗ, ಮಕ್ಕಳ ಕೈಗೆ ಸಿಕ್ಕಾಗ, ಮಾರಾಟವಾದಾಗ ಅದೂ ಜೊತೆಗೇ ಹೋಗುತ್ತದೆ.

ಮಗನು ರಜೆಯಲ್ಲಿ ಊರಿಗೆ ಬಂದಾಗ ಎದುರು ಕುಳಿತು ಹೇಳುವುದೇ ಎಲ್ಲಕ್ಕಿಂತ ಒಳ್ಳೆಯದು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಶಬ್ದಗಳನ್ನು ಜೋಡಿಸಿರಿ: ಹಲಸು, ಚಾಪೆ, ಗುಡುಗು, ಲಾಟೀನು ಎಂಬಂತೆ. (ಇದನ್ನೇ ಇಡಬೇಡಿರಿ, ಸಭೆಯಲ್ಲಿ ಎಲ್ಲರೂ ಕೇಳಿದ್ದಾಯಿತು!) ಹೆಸರು, ಹುಟ್ಟಿದ ವರ್ಷಗಳಿಗಿಂತ ಇದು ಎಷ್ಟೋ ಗಟ್ಟಿ, ಫೋನಿನಲ್ಲಿ ಹೇಳಲೂ ಸುಲಭ. ಆದರೆ ಒಂದು ಖಾತೆಯ ಪಾಸ್‌ವರ್ಡು ಇನ್ನೊಂದಕ್ಕೆ ಬೇಡ.

ಊರಿಗೆ ಬರುವಂತಿಲ್ಲವಾದರೆ ಎರಡು ದಾರಿಯಲ್ಲಿ ಕಳುಹಿಸಿರಿ. ಅರ್ಧವನ್ನು ಫೋನಿನಲ್ಲಿ ಬಾಯಿಮಾತಿನಲ್ಲಿ ಹೇಳಿ, ಉಳಿದರ್ಧವನ್ನು ಮಾತ್ರ ಬರೆದು ಕಳುಹಿಸಿ. ಯಾವ ಖಾತೆಯದು ಎಂದು ಅದರಲ್ಲಿ ಬರೆಯಬೇಡಿರಿ. ಓದಿಯಾದ ಮೇಲೆ ಇಬ್ಬರೂ ಅಳಿಸತಕ್ಕದ್ದು. ಕರೆಯನ್ನು ನೀವೇ ಮಗನ ಹಳೆಯ ನಂಬರಿಗೆ ಮಾಡಿರಿ. ಈಗ ಧ್ವನಿಯನ್ನೂ ಯಂತ್ರದಿಂದ ಅನುಕರಿಸುತ್ತಾರೆ. ಹೊಸ ನಂಬರಿನಿಂದ "ಅಪ್ಪಾ, ನಾನು" ಎಂದು ಅವಸರಪಡಿಸುವವನಿಗೆ ಏನನ್ನೂ ಹೇಳಬೇಡಿರಿ.

ಕಾಗದದಲ್ಲಿ ಬರೆಯಲೇಬಾರದೆಂದು ಕೆಲವರು ಹೇಳುತ್ತಾರೆ, ನಾನು ಒಪ್ಪುವುದಿಲ್ಲ. ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವುದು ತಪ್ಪು. ಆದರೆ ಲಕೋಟೆಗೆ ಅಂಟು ಹಾಕಿ, ಅಂಟಿನ ಮೇಲೆ ರುಜು ಮಾಡಿ, ಜಮೀನಿನ ಪತ್ರಗಳೊಡನೆ ಕಪಾಟಿನಲ್ಲಿಟ್ಟರೆ ದೂರದ ಕಳ್ಳನಿಗೆ ಅದು ಎಟುಕದು. ಯಜಮಾನರು ಅಕಸ್ಮಾತ್ ತೀರಿಕೊಂಡರೆ ಮನೆಯವರು ದಿಕ್ಕುಗೆಡುವುದೂ ತಪ್ಪುತ್ತದೆ.

ಪಾಸ್‌ವರ್ಡು ಹೊರಗಿನವರಿಗೆ ತಿಳಿಯಿತೆಂಬ ಅನುಮಾನ ಬಂದರೆ ಆ ದಿನವೇ ಬದಲಿಸಿರಿ. ಹಣ ಹೋಗಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿರಿ. ಸಭೆ ಮುಗಿದ ಮೇಲೆ ನಾನು ಇಲ್ಲಿಯೇ ಇರುತ್ತೇನೆ. ಬದಲಿಸುವ ಕ್ರಮ ತಿಳಿಯದವರು ಫೋನು ತೆಗೆದುಕೊಂಡು ಬನ್ನಿರಿ, ಆದರೆ ಹೊಸ ಶಬ್ದವನ್ನು ನನಗೆ ಹೇಳಬೇಡಿರಿ.