ಗಣಕಯಂತ್ರದಲ್ಲಿ ಯುಕ್ತಿಯ ಆಟಗಳು

(ಶಾಲಾ ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ವಿದ್ಯಾಸಂಸ್ಥೆಯ ಸಭೆಯಲ್ಲಿ ಆಟದ ವಿಷಯವನ್ನೆತ್ತಿಕೊಂಡು ಮಾತನಾಡುವುದು ಕೆಲವರಿಗೆ ಸೋಜಿಗವಾಗಿ ತೋರಬಹುದು. ಅದರಲ್ಲಿಯೂ ಗಣಕಯಂತ್ರದ ಆಟವೆಂದೊಡನೆ ಹೆತ್ತವರು ಹುಬ್ಬು ಗಂಟಿಕ್ಕುವುದು ಸಹಜವೇ ಸರಿ. "ಆಡಬೇಡ" ಎಂದು ಗದರಿಸುವ ತಂದೆಗೆ ಮಗನು ಏನನ್ನು ಆಡುತ್ತಿದ್ದಾನೆಂಬುದು ತಿಳಿದಿರುವುದಿಲ್ಲ. "ಏಕೆ ಆಡಬಾರದು?" ಎಂದು ಕೇಳುವ ಮಗನಿಗೆ ತಾನು ಏಕೆ ಆಡುತ್ತಿದ್ದೇನೆಂಬುದು ತಿಳಿದಿರುವುದಿಲ್ಲ. ಇವೆರಡರ ನಡುವೆ ಮನೆಯ ನೆಮ್ಮದಿ ಕದಡುತ್ತದೆ. ಈ ಇಬ್ಬರಿಗೂ ಉಪಯೋಗವಾಗುವಂತೆ ನಾಲ್ಕು ಮಾತುಗಳನ್ನು ಹೇಳಬೇಕೆಂಬುದೇ ನಮ್ಮ ಉದ್ದೇಶ.

ಆಟಗಳೆಲ್ಲವೂ ಒಂದೇ ಜಾತಿಯವಲ್ಲ. ಕೈಚಳಕದಿಂದ ಗೆಲ್ಲುವ ಆಟಗಳುಂಟು, ಅದೃಷ್ಟದಿಂದ ಗೆಲ್ಲುವವುಂಟು, ಯುಕ್ತಿಯಿಂದ ಗೆಲ್ಲುವವೂ ಉಂಟು. ಯುಕ್ತಿಯ ಆಟ ನಮಗೇನೂ ಹೊಸತಲ್ಲ. ತುಳುನಾಡಿನ ಮನೆಗಳಲ್ಲಿ ಆಟಿ ತಿಂಗಳ ಮಳೆಗೆ ಹೊರಗೆ ಹೋಗಲಾರದ ಹೆಂಗಸರು ಮಕ್ಕಳು ಚೆನ್ನೆಮಣೆಯ ಮುಂದೆ ಕುಳಿತು ಹದಿನಾಲ್ಕು ಗುಳಿಗಳಲ್ಲಿ ಕಾಯಿಗಳನ್ನು ಬಿತ್ತುತ್ತಿದ್ದರು. ಯಾವ ಗುಳಿಯಿಂದ ಎತ್ತಿದರೆ ಕೊನೆಯ ಕಾಯಿ ಎಲ್ಲಿ ಬೀಳುವುದೆಂದು ಎಣಿಸದೆ ಆ ಆಟವನ್ನು ಗೆಲ್ಲುವಂತಿರಲಿಲ್ಲ. ಹುಲಿಕುರಿಯಾಟದಲ್ಲಿ ಬಲಹೀನವಾದ ಕುರಿಗಳು ಒಟ್ಟಾಗಿ ನಿಂತು ಹುಲಿಯನ್ನು ಕಟ್ಟಿಹಾಕುತ್ತಿದ್ದುವು. ಚತುರಂಗವಂತೂ ಭಾರತದಲ್ಲಿ ಹುಟ್ಟಿ ಪಾರಸಿಕರ ಹಾಗೂ ಅರಬ್ಬರ ಮೂಲಕ ಯೂರೋಪಿಗೆ ಹೋಗಿ ಲೋಕಮಾನ್ಯವಾಯಿತು. ಇಂದು ನಾವು ಹೇಳಹೊರಟಿರುವ ಆಟಗಳು ಈ ಮನೆತನಕ್ಕೇ ಸೇರಿದ ಕಿರಿಯ ಸಂತಾನವೆಂದು ತಿಳಿಯಬೇಕು.

ಇವುಗಳನ್ನು 'ಸ್ವತಂತ್ರ' ಆಟಗಳೆಂದು ಕರೆಯುವುದು ವಾಡಿಕೆ. ದೊಡ್ಡ ಕಂಪನಿಗಳು ನೂರಾರು ಮಂದಿಯನ್ನು ನಿಯಮಿಸಿ, ಸಿನಿಮಾ ತೆಗೆಯುವಷ್ಟು ಹಣವನ್ನು ಸುರಿದು ಆಟಗಳನ್ನು ತಯಾರಿಸುತ್ತವೆ. ಸ್ವತಂತ್ರ ಆಟಗಳಾದರೋ ಇಬ್ಬರು ಅಣ್ಣತಮ್ಮಂದಿರೋ, ಇಬ್ಬರು ಮಿತ್ರರೋ, ಒಂದು ಚಿಕ್ಕ ತಂಡವೋ ಸ್ವಂತ ಬುದ್ಧಿಯನ್ನು ನೆಚ್ಚಿ ಮಾಡಿದವು. ಕಣ್ಣು ಕೋರೈಸುವ ಚಿತ್ರಗಳನ್ನು ಬರೆಸುವ ಶಕ್ತಿ ಇಂಥವರಿಗಿರುವುದಿಲ್ಲ. ಆದುದರಿಂದ ಅವರು ಆಟದ ನಿಯಮಗಳನ್ನೇ ತಿಕ್ಕಿ ತೀಡಿ ಹೊಳಪು ಕೊಡುತ್ತಾರೆ. ಬಡತನವೇ ಇಲ್ಲಿ ಗುಣಕ್ಕೆ ಕಾರಣವಾಗಿದೆ. ಒಂದೆರಡು ಉದಾಹರಣೆಗಳನ್ನು ನೋಡೋಣ.

ಜಸ್ಟಿನ್ ಮಾ ಮತ್ತು ಮ್ಯಾಥ್ಯೂ ಡೇವಿಸ್ ಎಂಬ ಮಿತ್ರರಿಬ್ಬರು ಶಾಂಘೈ ನಗರದ ದೊಡ್ಡದೊಂದು ಆಟದ ಕಂಪನಿಯಲ್ಲಿ ಕೆಲಸಕ್ಕಿದ್ದರು. ಅದನ್ನು ಬಿಟ್ಟು, ಆಕಾಶನೌಕೆಯೊಂದನ್ನು ನಡೆಸುವ 'ಎಫ್‌ಟಿಎಲ್' ಎಂಬ ಆಟವನ್ನು ತಾವೇ ಕಟ್ಟತೊಡಗಿದರು. ೨೦೧೨ರಲ್ಲಿ ಸಾರ್ವಜನಿಕರಿಂದ ೧೦,೦೦೦ ಡಾಲರುಗಳ ಸಹಾಯವನ್ನು ಕೋರಿದಾಗ ಸುಮಾರು ೨ ಲಕ್ಷ ಡಾಲರುಗಳು ಕೂಡಿದುವು. ಅದೇ ವರ್ಷ ಆಟವೂ ಹೊರಬಂದಿತು. ಈ ಆಟದಲ್ಲಿ ನೌಕೆಯ ವಿದ್ಯುಚ್ಛಕ್ತಿಗೆ ಮಿತಿಯುಂಟು. ರಕ್ಷಣೆಗೆ ಹೆಚ್ಚು ಕೊಟ್ಟರೆ ಆಯುಧಕ್ಕೆ ಕಡಿಮೆ. ಆಯುಧಕ್ಕೆ ಕೊಟ್ಟರೆ ವೇಗಕ್ಕೆ ಕಡಿಮೆ. ನೌಕೆಯ ಒಂದು ಕೋಣೆಗೆ ಬೆಂಕಿ ಹತ್ತಿತೆನ್ನಿ. ಹೊರಬಾಗಿಲನ್ನು ತೆರೆದರೆ ಗಾಳಿಯೆಲ್ಲ ಶೂನ್ಯಾಕಾಶಕ್ಕೆ ಹೋಗಿ ಬೆಂಕಿ ತಾನಾಗಿ ಆರುವುದು. ಆದರೆ ಆ ಕೋಣೆಯಲ್ಲಿ ನಮ್ಮ ಕಡೆಯವನೊಬ್ಬನಿದ್ದರೆ ಅವನ ಉಸಿರೂ ನಿಲ್ಲುವುದು. ಬೆಂಕಿಗೆ ಆಮ್ಲಜನಕ ಬೇಕೆಂಬ ಪಾಠವನ್ನು ಪುಸ್ತಕದಲ್ಲಿ ಓದಿದ ವಿದ್ಯಾರ್ಥಿಗೆ ಅದರ ಉಪಯೋಗವನ್ನು ಕ್ಷಣಾರ್ಧದಲ್ಲಿ ನಿರ್ಣಯಿಸಬೇಕಾದ ಸಂದರ್ಭ ಇಲ್ಲಿ ಒದಗುತ್ತದೆ.

ಅದೇ ಮಿತ್ರರು ೨೦೧೮ರಲ್ಲಿ ಹೊರತಂದ 'ಇಂಟು ದ ಬ್ರೀಚ್' ಎಂಬ ಆಟವು ನಮ್ಮ ಚತುರಂಗಕ್ಕೆ ಇನ್ನೂ ಹತ್ತಿರವಾದುದು. ಮಣೆಯೂ ಎಂಟಕ್ಕೆ ಎಂಟರ ಅರುವತ್ತನಾಲ್ಕು ಮನೆಗಳದೇ. ನೆಲದೊಳಗಿಂದ ಎದ್ದುಬರುವ ದೈತ್ಯ ಕೀಟಗಳಿಂದ ಊರುಗಳನ್ನು ಕಾಯಬೇಕು. ಆಟಗಾರನ ಕೈಯಲ್ಲಿರುವುದು ಮೂರೇ ಯಂತ್ರಗಳು. ಇದರ ವೈಶಿಷ್ಟ್ಯವೇನೆಂದರೆ, ವೈರಿಯು ತಾನು ಎಲ್ಲಿ ಹೊಡೆಯುವೆನೆಂಬುದನ್ನು ಮೊದಲೇ ತೋರಿಸಿಬಿಡುತ್ತದೆ. ಆ ಹೊಡೆತ ಬೀಳುವುದರೊಳಗಾಗಿ ಏನು ಮಾಡುವೆವೆಂಬುದೇ ಪ್ರಶ್ನೆ. ಎಷ್ಟೋ ಸಲ ವೈರಿಯನ್ನು ಕೊಲ್ಲುವುದಕ್ಕಿಂತ ಒಂದು ಮನೆ ಆಚೆಗೆ ತಳ್ಳುವುದೇ ಮೇಲು. ತಳ್ಳಿಸಿಕೊಂಡ ಕೀಟದ ಪೆಟ್ಟು ಪಕ್ಕದ ಇನ್ನೊಂದು ಕೀಟಕ್ಕೆ ತಗಲಿದರೆ ಎರಡು ಕೆಲಸ ಒಂದೇ ನಡೆಯಲ್ಲಿ ಆಗುತ್ತದೆ. ವೈರಿಗಳೆಲ್ಲ ಸತ್ತರೂ ಊರುಗಳು ಉಳಿಯದಿದ್ದರೆ ಆಟಗಾರನಿಗೆ ಸೋಲೇ. ಕಾಯುವುದು ಮುಖ್ಯ, ಕೊಲ್ಲುವುದು ಗೌಣ ಎಂಬ ಈ ನಿಯಮವನ್ನು ಹೆತ್ತವರು ಗಮನಿಸಬೇಕೆಂದು ಬೇಡುತ್ತೇವೆ.

ಯುದ್ಧವೇ ಇಲ್ಲದ ಆಟಗಳೂ ಉಂಟು. ನ್ಯೂಜಿಲೆಂಡಿನ ಪೀಟರ್ ಮತ್ತು ರಾಬರ್ಟ್ ಕರಿ ಎಂಬ ಸಹೋದರರು ೨೦೧೩ರಲ್ಲಿ, ಕೆಲವೇ ದಿನಗಳಲ್ಲಿ ಆಟವೊಂದನ್ನು ರಚಿಸುವ ಸ್ಪರ್ಧೆಗಾಗಿ ಮಾಡಿದ ಚಿಕ್ಕ ಆಟವೇ ಬೆಳೆದು ೨೦೧೫ರಲ್ಲಿ 'ಮಿನಿ ಮೆಟ್ರೊ' ಎಂಬ ಹೆಸರಿನಿಂದ ಪೂರ್ಣವಾಯಿತು. ಬಿಳಿಯ ಹಾಳೆಯಂಥ ತೆರೆಯ ಮೇಲೆ ವೃತ್ತ, ತ್ರಿಕೋನ, ಚೌಕ ಇವೇ ರೈಲು ನಿಲ್ದಾಣಗಳು. ತ್ರಿಕೋನಕ್ಕೆ ಹೋಗಬೇಕಾದ ಪ್ರಯಾಣಿಕನೂ ಚಿಕ್ಕದೊಂದು ತ್ರಿಕೋನವೇ. ಗೆರೆಗಳನ್ನೆಳೆದು ನಿಲ್ದಾಣಗಳನ್ನು ಜೋಡಿಸಿ ಜನರನ್ನು ಸಾಗಿಸುವುದಷ್ಟೇ ಕೆಲಸ. ಲಂಡನ್, ಕೈರೋ, ಮುಂಬಯಿ ಮುಂತಾದ ನಗರಗಳ ನಕ್ಷೆಗಳು ಇದರಲ್ಲಿವೆ. ನಗರ ಬೆಳೆಯುತ್ತ ಹೋದಂತೆ ನಿಲ್ದಾಣಗಳಲ್ಲಿ ಜನಸಂದಣಿ ಹೆಚ್ಚುತ್ತದೆ. ಯಾವುದಾದರೊಂದು ನಿಲ್ದಾಣದಲ್ಲಿ ಅದು ಮಿತಿಮೀರಿ ಬಹಳ ಹೊತ್ತು ನಿಂತರೆ ಆಟ ಮುಗಿಯಿತು. ಓದಲು ಬಾರದ ಮಗುವೂ ಇದನ್ನು ಆಡಬಲ್ಲುದು. ನಗರದ ಇಂಜಿನಿಯರನೂ ಇದರ ಮುಂದೆ ತಲೆ ಕೆರೆದುಕೊಳ್ಳಬಹುದು.

ದಕ್ಷಿಣ ಆಫ್ರಿಕದ ತಂಡವೊಂದು ೨೦೨೩ರಲ್ಲಿ ಪ್ರಕಟಿಸಿದ 'ಟೆರಾ ನಿಲ್' ಎಂಬುದರ ಕಲ್ಪನೆ ಇನ್ನೂ ಸೊಗಸಾದುದು. ನಗರ ಕಟ್ಟುವ ಆಟಗಳಲ್ಲಿ ಕಾಡನ್ನು ಕಡಿದು ಕಟ್ಟಡವೇಳಿಸುವುದು ಪದ್ಧತಿ. ಇಲ್ಲಿ ಬಂಜರು ನೆಲಕ್ಕೆ ನೀರು ಹಾಯಿಸಿ, ಹುಲ್ಲು ಬೆಳೆಸಿ, ಕಾಡನ್ನೂ ಪ್ರಾಣಿಗಳನ್ನೂ ಮರಳಿ ತರಬೇಕು. ಕಟ್ಟಕಡೆಗೆ ತಾವು ತಂದಿಟ್ಟ ಯಂತ್ರಗಳನ್ನೆಲ್ಲ ಕಳಚಿಕೊಂಡು ಆ ಸ್ಥಳವನ್ನು ಬಿಟ್ಟು ಹೋಗಬೇಕು. ತಮ್ಮ ಗುರುತನ್ನು ಉಳಿಸದೆ ಹೊರಟಾಗಲೇ ಕೆಲಸ ಪೂರ್ಣವಾದಂತೆ.

ಇನ್ನು ಅಮೆರಿಕದ ಟಾರ್ನ್ ಮತ್ತು ಜ಼ಾಕ್ ಆಡಮ್ಸ್ ಸಹೋದರರ 'ಡ್ವಾರ್ಫ್ ಫೋರ್ಟ್ರೆಸ್' ಎಂಬ ಆಟವು ಒಂದು ತಪಸ್ಸಿನ ಫಲ. ಟಾರ್ನ್ ಆಡಮ್ಸ್ ಗಣಿತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ವಿದ್ವಾಂಸರು. ೨೦೦೨ರಲ್ಲಿ ತೊಡಗಿದ ಈ ಕೆಲಸ ೨೦೦೬ರಲ್ಲಿ ಜನರ ಕೈಗೆ ಬಂದಿತು. ಅದನ್ನು ಉಚಿತವಾಗಿ ಹಂಚಿ, ಆಡಿದವರು ಮನಸಾರೆ ಕೊಟ್ಟ ಕಾಣಿಕೆಯಿಂದಲೇ ಅವರು ವರ್ಷಗಟ್ಟಲೆ ಜೀವನ ನಡೆಸಿದರು. ಚಿತ್ರಗಳಿರುವ ರೂಪ ಮಾರಾಟಕ್ಕೆ ಬಂದುದು ೨೦೨೨ರ ಡಿಸೆಂಬರಿನಲ್ಲಿ. ಕುಳ್ಳರ ತಂಡವೊಂದು ಗುಡ್ಡವನ್ನು ಕೊರೆದು ನೆಲೆಯಾಗುವುದೇ ಇದರ ಕಥೆ. ಇದರ ಬಗ್ಗೆ ಒಂದು ವಿನೋದದ ಸಂಗತಿಯುಂಟು. ಆಟದೊಳಗಿನ ಬೆಕ್ಕುಗಳು ಕಾರಣವಿಲ್ಲದೆ ಸಾಯತೊಡಗಿದುವು. ವಿಚಾರಿಸಿ ನೋಡಿದಾಗ, ಪಾನಗೃಹದಲ್ಲಿ ಚೆಲ್ಲಿದ ಮದ್ಯದ ಮೇಲೆ ನಡೆದುಹೋದ ಬೆಕ್ಕುಗಳು ತಮ್ಮ ಕಾಲುಗಳನ್ನು ನೆಕ್ಕಿಕೊಂಡಾಗ, ಪ್ರತಿ ನೆಕ್ಕಿಗೂ ಒಂದು ಪೂರ್ಣ ಪಾನದ ಲೆಕ್ಕ ಬೀಳುತ್ತಿದ್ದಿತು! ಮದ್ಯದ ನಿಯಮ, ನಡೆಯುವ ನಿಯಮ, ಬೆಕ್ಕಿನ ಶುಚಿತ್ವದ ನಿಯಮ ಇವನ್ನು ಬೇರೆ ಬೇರೆಯಾಗಿ ಬರೆದಿದ್ದರು. ಮೂರೂ ಕೂಡಿ ಹೀಗಾಗುವುದೆಂದು ಬರೆದವರೇ ಊಹಿಸಿರಲಿಲ್ಲ. ೨೦೧೨ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲೆಯ ವಸ್ತುಸಂಗ್ರಹಾಲಯವು ಮೊದಲ ಬಾರಿಗೆ ಹದಿನಾಲ್ಕು ಗಣಕಯಂತ್ರದ ಆಟಗಳನ್ನು ತನ್ನ ಸಂಗ್ರಹಕ್ಕೆ ಸೇರಿಸಿಕೊಂಡಾಗ ಇದೂ ಅವುಗಳಲ್ಲೊಂದಾಗಿತ್ತು.

ಹಾಗಾದರೆ ಜನರು ಇವುಗಳನ್ನು ಇಷ್ಟೊಂದು ಮೆಚ್ಚಲು ಕಾರಣವೇನು? ರಿಚರ್ಡ್ ರಯಾನ್ ಮೊದಲಾದ ಮನಶ್ಶಾಸ್ತ್ರಜ್ಞರು ೨೦೦೬ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಮನುಷ್ಯನ ಮೂರು ಸಹಜವಾದ ಅಗತ್ಯಗಳನ್ನು ಆಟವು ಪೂರೈಸುವುದೆಂದು ತೋರಿಸಿದರು. ತನ್ನ ನಿರ್ಧಾರವನ್ನು ತಾನೇ ಮಾಡುವ ಸ್ವಾತಂತ್ರ್ಯ, ತನ್ನಿಂದ ಆಗುವುದೆಂಬ ಸಾಮರ್ಥ್ಯದ ಅನುಭವ, ಇತರರೊಡನೆ ಬೆರೆಯುವ ನಂಟು ಇವೇ ಆ ಮೂರು. ನಾವು ಹೇಳಿದ ಆಟಗಳಲ್ಲಿ ಮೊದಲಿನ ಎರಡು ತುಂಬಿ ತುಳುಕುತ್ತವೆ. ಎಲ್ಲವೂ ಕಣ್ಣೆದುರಿಗೇ ಇರುವಾಗ ಸೋತರೆ ದೂರಲು ಬೇರಾರೂ ಇಲ್ಲ. ಗೆದ್ದರೆ ಆ ಗೆಲುವು ಸಂಪೂರ್ಣವಾಗಿ ನಮ್ಮದು. ಇನ್ನೊಂದು ಕಾರಣವೆಂದರೆ ಇಲ್ಲಿ ಸೋಲಿಗೆ ಬೆಲೆ ಕಡಿಮೆ. ಪರೀಕ್ಷೆಯಲ್ಲಿ ಸೋತ ಹುಡುಗನಿಗೆ ಒಂದು ವರ್ಷ ಹೋಗಬಹುದು; ಇಲ್ಲಿ ಸೋತವನು ಹತ್ತು ನಿಮಿಷಗಳಲ್ಲಿ ಮತ್ತೆ ಮೊದಲಿನಿಂದ ಆರಂಭಿಸಿ, ಹಿಂದೆ ಎಲ್ಲಿ ತಪ್ಪಿತೆಂಬುದನ್ನು ತಿದ್ದಿಕೊಳ್ಳಬಹುದು. ಸೋಲೂ ವಿನೋದವೇ ಎಂಬುದು ಡ್ವಾರ್ಫ್ ಫೋರ್ಟ್ರೆಸ್ ಆಡುವವರ ನಾಣ್ಣುಡಿಯಾಗಿದೆ. ಇದ್ದುದರಲ್ಲಿ ಹಂಚಿಕೊಂಡು ಬಾಳುವ ಗೃಹಿಣಿಗೆ ಈ ಆಟಗಳ ಒಳಮರ್ಮ ಬೇಗ ತಿಳಿದೀತೆಂದು ನಮಗೆ ತೋರುತ್ತದೆ. ಎಲ್ಲವೂ ಬೇಕು, ಎಲ್ಲದಕ್ಕೂ ಸಾಲದು. ಯಾವುದನ್ನು ಇಂದು ಬಿಡಬೇಕು? ಅವಳ ದಿನನಿತ್ಯದ ಪ್ರಶ್ನೆಯೂ ಇದೇ ತಾನೆ?

ಇಷ್ಟು ಹೊಗಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಯುಕ್ತಿಯ ಆಟಕ್ಕೂ ಹಣ ಸುಲಿಯುವ ಆಟಕ್ಕೂ ಅಜಗಜಾಂತರ. ಮೇಲೆ ಹೇಳಿದ ಆಟಗಳನ್ನು ಒಮ್ಮೆ ಕೊಂಡರೆ ಮುಗಿಯಿತು. ಬೇರೆ ಕೆಲವು ಆಟಗಳು ಉಚಿತವೆಂದು ಕರೆದು, ಒಳಗೆ ಹೋದ ಮೇಲೆ ಹೆಜ್ಜೆಹೆಜ್ಜೆಗೂ ಕಾಸು ಕೇಳುತ್ತವೆ. ಪಣವೊಡ್ಡಿ ಆಡಿಸುವ ಆಟಗಳಂತೂ ಜೂಜೇ ಸರಿ. ಎಷ್ಟೋ ಸಂಸಾರಗಳು ಅದರಿಂದ ಬೀದಿಗೆ ಬಿದ್ದಿವೆ. ಭಾರತದ ಸಂಸತ್ತು ೨೦೨೫ರ ಆಗಸ್ಟಿನಲ್ಲಿ ಅಂತರ್ಜಾಲದ ಇಂಥ ಹಣದ ಆಟಗಳನ್ನು ನಿಷೇಧಿಸುವ ಕಾನೂನನ್ನು ಅಂಗೀಕರಿಸಿತು. ಕಾನೂನು ಬಂದರೂ ಮನೆಯ ಎಚ್ಚರ ಮನೆಯವರದೇ.

ಒಳ್ಳೆಯ ಆಟವೂ ಅತಿಯಾದರೆ ವಿಷ. "ಇನ್ನೊಂದೇ ಸಲ" ಎಂಬ ಮಾತು ಈ ಆಟಗಳ ದೊಡ್ಡ ಗುಣವೂ ಹೌದು, ದೊಡ್ಡ ಅಪಾಯವೂ ಹೌದು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ಆಟದ ಗೀಳಿಗೂ ಸ್ಥಾನವಿದೆ. ಅದರ ಲಕ್ಷಣಗಳು ಮೂರು. ಆಟದ ಮೇಲೆ ಹತೋಟಿ ತಪ್ಪುವುದು, ಉಳಿದೆಲ್ಲ ಕೆಲಸಗಳಿಗಿಂತ ಆಟವೇ ಮುಂದಾಗುವುದು, ಹಾನಿ ಕಣ್ಣಿಗೆ ಕಂಡರೂ ನಿಲ್ಲಿಸದಿರುವುದು. ಇವು ಸಾಮಾನ್ಯವಾಗಿ ಒಂದು ವರ್ಷದವರೆಗೆ ಮುಂದುವರಿದರೆ ಅದು ರೋಗವೆನಿಸುತ್ತದೆ. ಒಂದು ಸಂಜೆ ಹೆಚ್ಚು ಹೊತ್ತು ಆಡಿದ ಮಗುವನ್ನು ರೋಗಿಯೆನ್ನಬೇಕಾಗಿಲ್ಲ; ಊಟ ನಿದ್ರೆ ಪಾಠಗಳನ್ನು ತಿಂಗಳುಗಟ್ಟಲೆ ಬಿಟ್ಟ ಮಗುವನ್ನು ಅಲಕ್ಷಿಸಲೂಕೂಡದು.

ಆದುದರಿಂದ ತಾಯಿತಂದೆಗಳಲ್ಲಿ ನಮ್ಮದೊಂದು ಸೂಚನೆ. ಮಗುವು ಆಡುವಾಗ ಒಮ್ಮೆ ಪಕ್ಕದಲ್ಲಿ ಕುಳಿತು, "ಈ ನಡೆಯನ್ನು ಏಕೆ ನಡೆದೆ, ಮಗು?" ಎಂದು ಕೇಳಿರಿ. ಕಾರಣ ಹೇಳಬಲ್ಲ ಮಗುವು ಯೋಚಿಸಿ ಆಡುತ್ತಿದೆ. ಕಾರಣವೇ ಇಲ್ಲದ ಆಟವಾದರೆ ಅದನ್ನು ಬಿಡಿಸಿ ಬೇರೊಂದನ್ನು ಕೊಡುವುದು ಲೇಸು. ಹೊತ್ತಿಗೆ ಮಿತಿ ಹಾಕುವಾಗ ಗಡಿಯಾರವನ್ನು ಮಾತ್ರ ನೋಡದೆ, "ಎರಡು ಆಟ, ಅನಂತರ ಪುಸ್ತಕ" ಎಂದು ಮೊದಲೇ ಒಪ್ಪಂದ ಮಾಡಿಕೊಂಡರೆ ಜಗಳ ಕಡಿಮೆಯಾಗುತ್ತದೆ. ಹಣವಿಲ್ಲವೆಂಬ ಚಿಂತೆಯೂ ಬೇಡ. ಡೇವಿಡ್ ವೈಟ್ ಎಂಬವರು ೨೦೦೩ರಲ್ಲಿ ಆರಂಭಿಸಿದ 'ಬ್ಯಾಟಲ್ ಫಾರ್ ವೆಸ್ನಾತ್' ಎಂಬ ಯುಕ್ತಿಯ ಆಟವು ಪೂರ್ತಿ ಉಚಿತ. ಸಾಧಾರಣ ಗಣಕಯಂತ್ರದಲ್ಲಿಯೂ ನಡೆಯುತ್ತದೆ.

ಪ್ರಿಯ ವಿದ್ಯಾರ್ಥಿಗಳೇ, ಕೊನೆಯದಾಗಿ ನಿಮಗೊಂದು ಮಾತು. ಈ ಆಟಗಳ ಬರಹವು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ. ಗಡಿಯಾಚೆಯ ನೆಲದಲ್ಲಿ ಕನ್ನಡವನ್ನು ಕಲಿಯುತ್ತಿರುವ ನಮಗೆ ಒಂದು ಭಾಷೆಯಲ್ಲಿ ಕಂಡುದನ್ನು ಇನ್ನೊಂದರಲ್ಲಿ ಹೇಳುವುದು ನಿತ್ಯದ ಅಭ್ಯಾಸ. ನೀವು ಆಡಿದ ಆಟವನ್ನು ನಿಮ್ಮ ಅಜ್ಜಿಗೆ ಕನ್ನಡದಲ್ಲಿ ವಿವರಿಸಿ ನೋಡಿರಿ. ಮಣೆ, ಮನೆ, ಕಾಯಿ, ನಡೆ, ಸರದಿ, ಗುಳಿ, ಕಟ್ಟು ಮೊದಲಾದ ಮಾತುಗಳೆಲ್ಲ ನಮ್ಮಲ್ಲಿ ಹಿಂದಿನಿಂದಲೂ ಉಂಟು. ಅಜ್ಜಿಗೆ ಅವು ನಿಮಗಿಂತ ಚೆನ್ನಾಗಿ ಗೊತ್ತು. ಭಾಷೆಯು ಪಾಠದ ಪುಸ್ತಕದಲ್ಲಿ ಮಾತ್ರ ಉಳಿದರೆ ಬಾಡುತ್ತದೆ. ಮಕ್ಕಳ ಆಟದಲ್ಲಿ ಉಳಿದರೆ ಚಿಗುರುತ್ತದೆ.

ಆಡಿದುದು ಸಾಕೆನಿಸಿದಾಗ ಕಟ್ಟುವುದಕ್ಕೆ ತೊಡಗಿರಿ. ಕೇರಳದ ಪ್ರೌಢಶಾಲೆಗಳಲ್ಲಿ ೨೦೧೮ರಿಂದ ನಡೆದುಬಂದಿರುವ 'ಲಿಟಲ್ ಕೈಟ್ಸ್' ಕೂಟಗಳು ಮಕ್ಕಳಿಗೆ ಗಣಕಯಂತ್ರದ ಕ್ರಮವಿಧಿಯನ್ನು ಕಲಿಸುತ್ತವೆ. ಅರ್ಜೆಂಟೀನದವರು ಆರಂಭಿಸಿದ 'ಗೊಡಾಟ್' ಎಂಬ ಆಟ ಕಟ್ಟುವ ಸಲಕರಣೆಯು ೨೦೧೪ರಿಂದ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿದೆ. ಇಬ್ಬರು ಅಣ್ಣತಮ್ಮಂದಿರು ನ್ಯೂಜಿಲೆಂಡಿನಲ್ಲಿ ಕುಳಿತು ಲೋಕವೆಲ್ಲ ಮೆಚ್ಚುವ ಆಟವೊಂದನ್ನು ಕಟ್ಟಿದರೆಂಬುದನ್ನು ಈಗಷ್ಟೇ ಕೇಳಿದಿರಿ. ಚೆನ್ನೆಮಣೆಯ ಹದಿನಾಲ್ಕು ಗುಳಿಗಳನ್ನು ಗಣಕಯಂತ್ರದ ತೆರೆಯ ಮೇಲೆ ಕನ್ನಡದ ಮಾತುಗಳೊಡನೆ ತರುವ ಕೆಲಸ ನಮ್ಮ ಶಾಲೆಯ ಇಬ್ಬರು ವಿದ್ಯಾರ್ಥಿಗಳ ಕೈಲಿ ಏಕಾಗಬಾರದು? ಅಂಥ ದಿನ ಬೇಗನೆ ಬರಲೆಂದು ಹಾರೈಸುತ್ತೇವೆ.