ಊರಿನ ವಿಂಡೋಸ್ 7 ಲ್ಯಾಪ್‌ಟಾಪ್: ಹಾರ್ಡ್ ಡಿಸ್ಕ್ ಕೈಕೊಡೋ ಮುಂಚೆ

ನಮ್ಮಲ್ಲಿ ತುಂಬಾ ಜನರ ಊರಿನ ಮನೇಲಿ ಒಂದು ಹಳೇ ಲ್ಯಾಪ್‌ಟಾಪ್ ಇರತ್ತೆ. ಮೊದಲ ಸಂಬಳದಲ್ಲಿ ತಗೊಂಡಿದ್ದು, ಕಂಪನಿ ಲ್ಯಾಪ್‌ಟಾಪ್ ಕೊಟ್ಟ ಮೇಲೆ ಅಪ್ಪನಿಗೆ ಬಿಟ್ಟು ಪುಣೆಗೋ ಹೈದರಾಬಾದಿಗೋ ಬಂದಿದ್ದು. ಅದರಲ್ಲಿ ವಿಂಡೋಸ್ 7. ಮೈಕ್ರೋಸಾಫ್ಟ್ ಅದಕ್ಕೆ ಕೊಡ್ತಿದ್ದ ಬೆಂಬಲ 2020ರ ಜನವರಿ 14ಕ್ಕೇ ಮುಗೀತು. ಆದ್ರೂ ಬಿಸಾಡೋಕಾಗಲ್ಲ. ನುಡಿಯಲ್ಲಿ ಟೈಪ್ ಮಾಡಿದ ಕಾಗದಪತ್ರ, ಹಳೇ ಲೆಕ್ಕದ ಸಾಫ್ಟ್‌ವೇರ್, ಹೊಸ ಡ್ರೈವರ್ ಸಿಗದ ಪ್ರಿಂಟರ್ ಎಲ್ಲಾ ಅದನ್ನೇ ನಂಬ್ಕೊಂಡಿವೆ. "ಲಿನಕ್ಸ್ ಹಾಕ್ಬಿಡಿ" ಅಂತ ಕಾಮೆಂಟ್ ಹಾಕೋರು ಒಂದು ಸಲ ನಿಮ್ಮ ಅಪ್ಪನನ್ನ ಕೇಳಿ ಆಮೇಲೆ ಹಾಕಿ.

ಆ ಕಾಲದ ಲ್ಯಾಪ್‌ಟಾಪ್‌ಗಳ ಜೊತೆ ಬಹುಪಾಲು ಕಂಪನಿಗಳು ವಿಂಡೋಸ್ ಡಿಸ್ಕ್ ಕೊಡ್ತಿರಲಿಲ್ಲ. ಹಾರ್ಡ್ ಡಿಸ್ಕ್‌ನಲ್ಲೇ ಒಂದು ರಿಕವರಿ ಪಾರ್ಟಿಷನ್ ಬಚ್ಚಿಟ್ಟು ಕಳಿಸ್ತಿದ್ರು. ಪೆಟ್ಟಿಗೆಯ ಕೀಲಿಯನ್ನ ಪೆಟ್ಟಿಗೆಯೊಳಗೇ ಇಟ್ಟು ಬೀಗ ಹಾಕಿದ ಹಾಗೆ. ಹಾರ್ಡ್ ಡಿಸ್ಕ್ ಹೋದ ದಿನ ರಿಕವರಿನೂ ಅದರ ಜೊತೆಗೇ ಹೋಗತ್ತೆ. ವಿಂಡೋಸ್ 10ಕ್ಕಾದ್ರೆ ಮೈಕ್ರೋಸಾಫ್ಟ್ ತಾಣದಿಂದ ಟೂಲ್ ಇಳಿಸಿ 8 ಜಿಬಿ ಪೆನ್ ಡ್ರೈವ್‌ನಲ್ಲಿ ಮಾಡ್ಕೋಬಹುದು. 7ಕ್ಕೆ ಆ ದಾರಿ ಮುಚ್ಚಿದೆ. ಉಳಿಯೋದು ಟೊರೆಂಟ್, ಇಲ್ಲಾ ಬಸ್ ಸ್ಟ್ಯಾಂಡ್ ಪಕ್ಕದ ಅಂಗಡಿಯವರ ಪೆನ್ ಡ್ರೈವ್. ಅದರೊಳಗೆ ಇನ್ನೇನಿದೆ ಅಂತ ಅವರಿಗೂ ಗೊತ್ತಿರಲ್ಲ.

ಹಾಗಾಗಿ ಮೆಷಿನ್ ಓಡ್ತಿರುವಾಗಲೇ ಕೆಲಸ ಮುಗಿಸ್ಬೇಕು. ಹಾರ್ಡ್ ಡಿಸ್ಕ್ ಈಗಾಗಲೇ ಟಿಕ್ ಟಿಕ್ ಅಂತಿದ್ರೆ ಬೇರೇನೂ ಮುಟ್ಬೇಡಿ, ಮೊದಲು ಫೈಲುಗಳನ್ನ ಕಾಪಿ ಮಾಡ್ಕೊಳ್ಳಿ.

ಆಮೇಲೆ ಸ್ಟಾರ್ಟ್ ಮೆನುವಿನಲ್ಲಿ ರಿಕವರಿ ಅಂತ ಹುಡುಕಿ. ಲ್ಯಾಪ್‌ಟಾಪ್ ಕಂಪನಿಯ ಟೂಲ್ ಸಿಗತ್ತೆ, ಎಚ್‌ಪಿಯಲ್ಲಿ ರಿಕವರಿ ಮ್ಯಾನೇಜರ್. ಎಷ್ಟು ಡಿವಿಡಿ ಬೇಕು ಅಂತ ಅದೇ ಹೇಳತ್ತೆ. ಎಚ್‌ಪಿ ಈ ಸೆಟ್ಟನ್ನ ಒಂದೇ ಸಲ ಮಾಡೋಕೆ ಬಿಡ್ತಿತ್ತು, ಆದ್ರಿಂದ ಒಳ್ಳೇ ಡಿಸ್ಕ್ ತಗೊಳ್ಳಿ, ಮಧ್ಯದಲ್ಲಿ ಕರೆಂಟ್ ಹೋದ್ರೆ ಅಂತ ಬ್ಯಾಟರಿನೂ ನೋಡ್ಕೊಳ್ಳಿ.

ಆದ್ರೆ ಈ ಡಿಸ್ಕ್ ಲ್ಯಾಪ್‌ಟಾಪನ್ನ ಕೊಂಡ ದಿನದ ಸ್ಥಿತಿಗೆ ತರತ್ತೆ, ಅಷ್ಟೇ. ಪೂರ್ತಿ ರಿಕವರಿ ಕೊಟ್ರೆ ಲೆಕ್ಕದ ಸಾಫ್ಟ್‌ವೇರೂ ಇಲ್ಲ, ಪತ್ರಗಳೂ ಇಲ್ಲ. ನಮಗೆ ಬೇಕಾಗಿರೋದು ನಿನ್ನೆ ಇದ್ದ ಹಾಗೇ ವಾಪಸ್ ಬರೋದು. ಅದಕ್ಕೆ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಬ್ಯಾಕಪ್ ಅಂಡ್ ರಿಸ್ಟೋರ್ ತೆಗೀರಿ. ಎಡಗಡೆ ಎರಡು ಸಾಲು ಕಾಣತ್ತೆ. ಕ್ರಿಯೇಟ್ ಎ ಸಿಸ್ಟಮ್ ಇಮೇಜ್ ಅನ್ನೋದು ವಿಂಡೋಸ್, ಸಾಫ್ಟ್‌ವೇರ್, ಫೈಲು ಎಲ್ಲವನ್ನೂ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್‌ಗೆ ಇಳಿಸತ್ತೆ. ಡಿ ಡ್ರೈವ್‌ನಲ್ಲೂ ಫೈಲುಗಳಿದ್ರೆ ಅದಕ್ಕೂ ಟಿಕ್ ಹಾಕಿ. ಇನ್ನೊಂದು ಸಾಲು ಸಿಸ್ಟಮ್ ರಿಪೇರ್ ಡಿಸ್ಕ್. ಹೆಸರು ನೋಡಿ ಇದರಲ್ಲೇ ವಿಂಡೋಸ್ ಇದೆ ಅಂದ್ಕೋತಾರೆ. ಇರೋದು ಬೂಟ್ ಮಾಡಿ ರಿಪೇರಿ ಮಾಡೋ ಸಾಮಾನು ಮಾತ್ರ. ಆದ್ರೆ ಸತ್ತ ಮೆಷಿನ್‌ಗೆ ಆ ಇಮೇಜ್ ವಾಪಸ್ ಹಾಕೋಕೆ ಇದೇ ಬೇಕು. ಎರಡೂ ಜೋಡಿ. 7ರಲ್ಲಿ ಈ ರಿಪೇರ್ ಡಿಸ್ಕ್ ಸಿಡಿ ಅಥವಾ ಡಿವಿಡಿಗೇ ಬರೀಬೇಕು. ಲ್ಯಾಪ್‌ಟಾಪಿನ ಡ್ರೈವ್ ಕೆಟ್ಟಿದ್ರೆ ಯುಎಸ್‌ಬಿ ಡಿವಿಡಿ ರೈಟರ್ ಒಯ್ಯಿರಿ.

ತುಂಬಾ ಜನ ಎಡವೋ ಜಾಗ ಇಲ್ಲಿದೆ. 500 ಜಿಬಿ ಹಾರ್ಡ್ ಡಿಸ್ಕ್ ಹೋಯ್ತು ಅಂತ 240 ಜಿಬಿ ಎಸ್‌ಎಸ್‌ಡಿ ತಂದು ಹಾಕ್ತಾರೆ. ಒಳಗಿದ್ದಿದ್ದು 60 ಜಿಬಿ ಆದ್ರೂ ಸಿಸ್ಟಮ್ ಇಮೇಜ್ ಚಿಕ್ಕ ಡಿಸ್ಕ್ ಮೇಲೆ ಕೂರಲ್ಲ. ಹೊಸದು ಹಳೇದರಷ್ಟಾದ್ರೂ ದೊಡ್ಡದಿರಬೇಕು.

ರಿಪೇರ್ ಡಿಸ್ಕ್ ಆದ ಕೂಡಲೇ ಅದರಿಂದ ಒಮ್ಮೆ ಬೂಟ್ ಮಾಡಿ ನೋಡಿ. ಡೆಲ್‌ನಲ್ಲಿ ಎಫ್12, ಎಚ್‌ಪಿಯಲ್ಲಿ ಎಫ್9. ಅದು ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿರೋ ಇಮೇಜನ್ನ ಗುರುತಿಸೋವರೆಗೆ ಹೋಗಿ, ಅಲ್ಲಿಗೇ ಕ್ಯಾನ್ಸಲ್ ಮಾಡಿ. ಕೊನೇದಾಗಿ ಲ್ಯಾಪ್‌ಟಾಪ್ ತಿರುಗಿಸಿ, ಕೆಳಗಿರೋ ಸ್ಟಿಕರ್‌ನಲ್ಲಿ 25 ಅಕ್ಷರದ ಪ್ರಾಡಕ್ಟ್ ಕೀ ಇರತ್ತೆ. ಅಳಿಸಿ ಹೋಗೋ ಮುಂಚೆ ಫೋಟೋ ತಗೊಳ್ಳಿ. ಡಿಸ್ಕ್‌ಗಳ ಮೇಲೆ ಮಾಡೆಲ್ ನಂಬರ್, 32 ಬಿಟ್ಟೋ 64 ಬಿಟ್ಟೋ, ತಾರೀಖು ಬರೆದು ಅಮ್ಮನ ಕೈಗೆ ಕೊಡಿ. ಅಪ್ಪನ ಕೈಗೆ ಬೇಡ.